ಎದೆಯೊಳಗಿನ ಮರ್ಮ

ಬಂಗಾರಪೇಟೆ
9-6-1958

ಮಾವನವರಿಗೆ ಅನಸೂಯಳ ನಮಸ್ಕಾರ.

ಈ ಕಾಗದದಲ್ಲಿ ಕೈ ನನ್ನದು, ಬಾಯಿ ಅಮ್ಮನದು. ನಿಮ್ಮ ಅಕ್ಕ ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಾಳೆ, ನಾನು ಹೊಸಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದ್ದಕ್ಕೆ ಈ ಮನೆಯಲ್ಲಿ ನನಗೆ ಸಿಕ್ಕಿರುವ ಉದ್ಯೋಗ ಇದೊಂದೇ.

ಅಮ್ಮ ಹೇಳುವುದು ಹೀಗೆ: "ಲೇ ಅಶ್ವತ್ಥ, ಯುಗಾದಿಗೆ ಬಂದೋನು ಮತ್ತೆ ಮುಖ ತೋರ್ಸಿಲ್ಲ. ಕೋಲಾರದ ಗಣಿ ಏನು ಸೀಮೆ ದಾಟಿ ಐತಾ? ರೈಲು ಅತ್ತಿ ಕೂತ್ರೆ ಕಡ್ಲೆಕಾಯಿ ತಿಂದು ಮುಗ್ಸೋದ್ರಾಗೆ ಬಂಗಾರಪೇಟೆ. ಅನಸೂಯ ತೊಟ್ಲಾಗಿದ್ದಾಗ್ಲೇ ಇವಳು ನಿಂಗೆ ಅಂತ ಏಳಿದ್ದೀನಿ. ಅಕ್ಕನ ಮಗಳ್ನ ಬಿಟ್ಟು ಬೇರೆ ಕಡೆ ತರೋ ಪದ್ಧತಿ ನಮ್ಮನೇಲಿಲ್ಲ. ಈ ಭಾನುವಾರ ಬಾ, ಜೋಯಿಸ್ರತ್ರ ಓಗಿ ಲಗ್ನ ಇಡ್ಸೋಣ."

ಇಲ್ಲಿಂದ ಮುಂದೆ ಬಾಯಿಯೂ ನನ್ನದೇ. ನನ್ನ ಮದುವೆಗೆ ನಾನೇ ಕರೆದು ಕಾಗದ ಬರೆಯುವುದೆಂದರೆ ಎಷ್ಟು ಮುಜುಗರವೆಂದು ನಿಮಗೆ ಅರ್ಥವಾಗುವುದಿದ್ದರೆ, ಭಾನುವಾರ ಬಂದುಬಿಡಿ. ಇನ್ನೊಂದು ಬರೆಸಬೇಡಿ.

ಅನಸೂಯ


ಕೋರಮಂಡಲ್, ಕೋಲಾರ ಚಿನ್ನದ ಗಣಿ
14-6-1958
(ಕಾರ್ಡು)

ಅಕ್ಕನಿಗೆ ಅಶ್ವತ್ಥಪ್ಪ ಮಾಡುವ ನಮಸ್ಕಾರ. ಅನಸೂಯ ಓದಿ ಹೇಳುವುದು.

ಮೈಸೂರು ಮೈನ್ಸ್ ವರ್ಕ್‌ಷಾಪಿನಲ್ಲಿ ಕೆಲಸ ಜಾಸ್ತಿ. ಭಾನುವಾರವೂ ಕರೆಯುತ್ತಿದ್ದಾರೆ. ಅದೂ ಅಲ್ಲದೆ ಈ ವರ್ಷ ಅಧಿಕ ಶ್ರಾವಣ ಬಿದ್ದಿದೆ. ಅಧಿಕದಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಆದ್ದರಿಂದ ಅವಸರ ಬೇಡ. ಭಾವನವರಿಗೆ ತಿಳಿಸುವುದು. ಇಲ್ಲಿ ಎಲ್ಲ ಕ್ಷೇಮ.


ಬಂಗಾರಪೇಟೆ
1-7-1958

ಮಾವನವರಿಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದಿದ್ದಿರಿ. ಏನು ಕ್ಷೇಮವೆಂದು ನಿನ್ನೆ ಬಚ್ಚಪ್ಪ ಬಂದು ಹೇಳಿದ.

ಬಚ್ಚಪ್ಪ ಮಾರಿಕುಪ್ಪಂ ರೈಲಿನಲ್ಲಿ ಕೆಲಸ ಮಾಡುವವನಾದ್ದರಿಂದ ಆ ಊರಿನ ಮಾತು ಈ ಊರಿಗೆ, ಈ ಊರಿನ ಮಾತು ಆ ಊರಿಗೆ ಅವನ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ನಿಮ್ಮ ಲೈನ್ ಮನೆಯ ಪಕ್ಕದ ಆರುಮುಗಂ ಅವನಿಗೆ ಹೇಳಿದನಂತೆ. ನೀವು ಡಾಕ್ಟರ ಹತ್ತಿರ ಹೋಗಿದ್ದಿರಂತೆ, ಡಾಕ್ಟರಿಗೆ ಕನ್ನಡ ಬಾರದೆಂದು ಆರುಮುಗಂ ಜೊತೆಗೆ ಬಂದಿದ್ದನಂತೆ. ಡಾಕ್ಟರು ಕೊಳವೆ ಇಟ್ಟು ಕೇಳಿ, "ಇವನ ಎದೆಯಲ್ಲಿ ಮರ್ಮ ಇದೆ" ಎಂದರಂತೆ.

ಅಮ್ಮ ಒರಳಿನ ಮುಂದೆ ಕೂತಿದ್ದವಳು ಎದ್ದೇಬಿಟ್ಟಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಬರೆಯದಿದ್ದರೆ ಮತ್ತೆ ಓದಿಸಿ ಪತ್ತೆ ಹಚ್ಚುತ್ತಾಳೆ. "ಕೊಳವೆ ಇಟ್ರೆ ಕಾಯಿಲೆ ತಿಳಿಯುತ್ತೆ ಅನ್ಕಂಡಿದ್ದೆ, ಮನಸ್ನಾಗಿರೋದೂ ತಿಳಿಯುತ್ತಾ? ಡಾಕ್ಟರಿಗೇ ಗೊತ್ತಾಗೋಷ್ಟು ಮರ್ಮ ಇಟ್ಕಂಡಿದ್ದೀಯ ಅಂದ್ರೆ, ಯಾವಳ್ಲಾ ಅವಳು? ಆಂಡರ್ಸನ್‌ಪೇಟೆಯೋಳಾ? ಅದಕ್ಕೇ ಏನ್ಲಾ ನಿಂಗೆ ಅಧಿಕ ಮಾಸ ನೆನಪಾಗಿದ್ದು?"

ಅಪ್ಪ ಮಾತ್ರ, ಅದು ಬೇರೆ ಏನೋ ಇರಬೇಕು ಬಿಡೇ ಎಂದು ಹೇಳಿ ಬೈಸಿಕೊಂಡು ಹೊಲದ ಕಡೆ ಹೋದರು.

ನನ್ನ ಮಾತು ಇಷ್ಟೇ. ಯಾರಾದರೂ ಇದ್ದರೆ ಹೇಳಿಬಿಡಿ. ಅಳುತ್ತೇನೆ, ಅಳುವುದಿಲ್ಲವೆಂದು ಜಂಭ ಕೊಚ್ಚುವುದಿಲ್ಲ. ಆದರೆ ಹೀಗೆ ವಾರಕ್ಕೊಂದು ನೆಪ ಓದುವುದಕ್ಕಿಂತ ಒಂದು ಸಲ ಅಳುವುದು ಮೇಲು.

ಅನಸೂಯ


ಕೋರಮಂಡಲ್
5-7-1958

ಅನಸೂಯ,

ಈ ಸಲ ಕವರಿನಲ್ಲಿ ಹಾಕಿದ್ದೇನೆ. ನೀನೊಬ್ಬಳೇ ಓದು.

ಅದು ಮರ್ಮ ಅಲ್ಲ, ಮರ್ಮರ್. ಇಂಗ್ಲಿಷ್ ಮಾತು. ಆರುಮುಗಂ ತಮಿಳಿನಲ್ಲಿ ಸರಿಯಾಗಿಯೇ ಹೇಳಿರುತ್ತಾನೆ, ಬಚ್ಚಪ್ಪನ ಕಿವಿಗೆ ಬೀಳುವಾಗ ಬಾಲ ಕತ್ತರಿಸಿಹೋಗಿದೆ. ಯಾವ ಹೆಂಗಸೂ ಇಲ್ಲ. ಇದ್ದಿದ್ದರೆ ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆದದ್ದು ಇದು. ಗಣಿಯೊಳಗೆ ನೀರೆತ್ತುವ ಪಂಪುಗಳಿಗೆ ಫಿಟ್ಟರ್ ಬೇಕಾಗಿತ್ತು. ನನಗೆ ಆ ಕೆಲಸ ಸಿಗುವುದಿತ್ತು. ಕೆಳಗೆ ಇಳಿಯುವ ಮೊದಲು ಎದೆ ತೋರಿಸಬೇಕು. ಡಾಕ್ಟರು ಬಹಳ ಹೊತ್ತು ಕೇಳಿದರು. ಎದೆ ಬಡಿತದ ನಡುವೆ ಇನ್ನೊಂದು ಸದ್ದು ಬರುತ್ತಿದೆಯಂತೆ. ಪಂಪಿನ ವಾಲ್ವು ಸರಿಯಾಗಿ ಕೂರದಿದ್ದರೆ ಎಂಥ ಸದ್ದು ಬರುತ್ತದೆಂದು ನನಗೆ ಗೊತ್ತು. ಹೃದಯಕ್ಕೂ ವಾಲ್ವುಗಳಿವೆಯಂತೆ. ಆಮೇಲೆ ಎಕ್ಸ್‌ರೇ ತೆಗೆದರು. ಹೃದಯ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ, ಕೆಳಗೆ ಇಳಿಯಬೇಡ, ಭಾರ ಎತ್ತಬೇಡ ಎಂದರು.

ನಾನು ಸುಮ್ಮನಿರಲಾರದೆ ಬೆಂಗಳೂರಿಗೆ ಹೋದೆ. ಅಲ್ಲಿ ಕೈಕಾಲಿಗೆ ಪಟ್ಟಿ ಕಟ್ಟಿ, ತಂತಿ ಜೋಡಿಸಿ, ಇ.ಸಿ.ಜಿ. ಎಂಬ ಪರೀಕ್ಷೆ ಮಾಡಿದರು. ಎದೆಯ ಬಡಿತ ಕಾಗದದ ಮೇಲೆ ಗೆರೆಯಾಗಿ ಬರುತ್ತದೆ. ಆ ಗೆರೆಯಲ್ಲಿ ಒಂದು ತಪ್ಪೂ ಇಲ್ಲವಂತೆ. ಇನ್ನೊಂದು ಎಕ್ಸ್‌ರೇ ತೆಗೆದು, ಹೃದಯ ಸರಿಯಾದ ಅಳತೆಯಲ್ಲೇ ಇದೆ, ಯಾರಯ್ಯ ನಿನ್ನನ್ನು ಹೆದರಿಸಿದ್ದು, ಹೋಗಿ ಕೆಲಸ ಮಾಡು ಎಂದರು. ವಾಪಸು ಬಂದು ಇಲ್ಲಿಯ ಡಾಕ್ಟರಿಗೆ ತೋರಿಸಿದರೆ, ಅವರು ಮತ್ತೆ ಕೊಳವೆ ಇಟ್ಟು, ಸದ್ದು ಇದ್ದೇ ಇದೆಯಲ್ಲ ಎನ್ನುತ್ತಾರೆ.

ನನ್ನ ಅಪ್ಪ, ನಿನ್ನ ತಾತ, ಬಾವಿಯ ಕಟ್ಟೆಯ ಮೇಲೆ ಕೂತವನು ಕೂತ ಹಾಗೇ ಹೋದ. ಆಗ ಅವನಿಗೆ ನಲವತ್ತೆರಡು. ನೀನು ಹುಟ್ಟಿರಲಿಲ್ಲ. ನಾನು ನೋಡಿದ್ದೇನೆ. ಅಮ್ಮ ಆಮೇಲೆ ಬದುಕಿದ್ದನ್ನೂ ನೋಡಿದ್ದೇನೆ.

ಅಕ್ಕನಿಗೆ ಇದನ್ನು ಓದಬೇಡ. ಮಾವನಿಗೆ ಈ ಸಂಬಂಧ ಇಷ್ಟವಿಲ್ಲ ಎಂದು ಮಾತ್ರ ಹೇಳು. ಬೈದುಕೊಂಡು ಮರೆಯುತ್ತಾಳೆ.

ಅಶ್ವತ್ಥಪ್ಪ


ಬಂಗಾರಪೇಟೆ
9-7-1958

ಮಾವ,

ಕವರು ನೋಡಿದ ಕೂಡಲೇ ಅಮ್ಮ ಕೈತೊಳೆದು ಬಂದು ನನ್ನೆದುರು ಕೂತಳು. ಕವರಿನಲ್ಲಿ ಬಂದದ್ದು ಇನ್ನೂ ಗಟ್ಟಿಯಾಗಿ ಓದಬೇಕಾದ ಕಾಗದವೆಂದು ಅವಳ ಲೆಕ್ಕ. ನಾನು ಮರ್ಮರ್ ಎಂಬ ಮಾತಿನ ವಿಷಯ ಓದಿದೆ, ಹೆಂಗಸು ಇಲ್ಲವೆಂಬುದನ್ನು ಎರಡು ಸಲ ಓದಿದೆ, ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಪೂರ್ತಿ ಓದಿದೆ. ಮಿಕ್ಕದ್ದನ್ನು ನುಂಗಿಕೊಂಡೆ. ಅಮ್ಮ, ನನ್ನ ತಮ್ಮ ಚಿನ್ನ ಎಂದು ಹೇಳಿ ಮೆಣಸಿನಕಾಯಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಇಷ್ಟವಿಲ್ಲವೆಂದು ಮಾತ್ರ ನಾನು ಹೇಳಲಿಲ್ಲ. ಅದನ್ನು ನೀವೇ ಬಂದು ಅವಳ ಮುಖ ನೋಡಿ ಹೇಳಿ.

ಈಗ ನನಗೆ ಉತ್ತರ ಕೊಡಿ. ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ನಿಮಗೆ ಏದುಸಿರು ಬರುತ್ತದೆಯೇ? ಕಾಲು ಊದಿಕೊಳ್ಳುತ್ತದೆಯೇ? ಮಲಗಿದರೆ ಉಸಿರು ಕಟ್ಟುತ್ತದೆಯೇ? ಇವನ್ನು ಯಾಕೆ ಒಂದನ್ನೂ ಬರೆದಿಲ್ಲ? ಒಬ್ಬರು ಇದೆ ಎಂದರು, ಒಬ್ಬರು ಇಲ್ಲ ಎಂದರು. ನೀವು ಇದೆ ಎಂದವರ ಮಾತನ್ನೇ ಕಟ್ಟಿಕೊಂಡು ಮನೆಗೆ ಬಂದಿರಿ. ಬೆಂಗಳೂರಿನವರು ನಿಮಗೇನು ದ್ರೋಹ ಮಾಡಿದ್ದರು?

ವೇಲೂರಿನಲ್ಲಿ ದೊಡ್ಡ ಡಾಕ್ಟರುಗಳಿದ್ದಾರೆ ಎನ್ನುತ್ತಾರೆ. ಹೋಗಿ ಬನ್ನಿ. ಏನಿದೆಯೋ ತಿಳಿಯಲಿ.

ನನಗೆ ಭಯವಾಗಿದೆ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಆದರೆ ನಿಮ್ಮನ್ನು ಬಿಟ್ಟು ಬೇರೆಯವರ ಮನೆಗೆ ಹೋಗುವುದನ್ನು ನೆನೆದರೆ ಆಗುವ ಭಯ ಇದಕ್ಕಿಂತ ಹೆಚ್ಚು. ನಾನು ಇಷ್ಟು ಬರೆದದ್ದು ಸಾಕು.

ಅನಸೂಯ


ಕೋರಮಂಡಲ್
3-8-1958
(ಕಾರ್ಡು)

ಅಕ್ಕನಿಗೆ ಅಶ್ವತ್ಥಪ್ಪನ ನಮಸ್ಕಾರ.

ವೇಲೂರಿಗೆ ಹೋಗಿ ಬಂದೆ. ಎದೆಯಲ್ಲಿ ಸದ್ದು ಇರುವುದು ನಿಜ, ಅದು ಕಾಯಿಲೆಯೋ ಸುಮ್ಮನೆ ಸದ್ದೋ ಈಗಲೇ ಹೇಳಲಾಗದು, ವರ್ಷ ವರ್ಷ ಬಂದು ತೋರಿಸು ಎಂದರು. ಮೂವರು ಡಾಕ್ಟರು, ಮೂರು ಮಾತು. ನನಗೆ ಹೃದಯದ ಕಾಯಿಲೆ ಇದೆಯೆಂದೇ ತಿಳಿಯತಕ್ಕದ್ದು. ಅನಸೂಯಳಿಗೆ ಬೇರೆ ಗಂಡು ನೋಡಿ. ಅನಸೂಯ ಇದನ್ನು ಮುಚ್ಚಿಡಬಾರದೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ.


ಬಂಗಾರಪೇಟೆ
12-9-1958

ಮಾವ,

ನಿಮ್ಮ ಕಾರ್ಡು ನೀವು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಪೋಸ್ಟಿನವನು ಬೀದಿಯಲ್ಲಿ ಅಮ್ಮ ಸಿಕ್ಕಳೆಂದು ಅಲ್ಲೇ ಓದಿ ಹೇಳಿದ. ಮಧ್ಯಾಹ್ನದೊಳಗೆ ಊರಿಗೆಲ್ಲ ನಿಮ್ಮ ಎದೆ ಗೊತ್ತಾಯಿತು. ಅಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಎದ್ದು, ಅವನು ಹೇಳಿದ್ದು ಸರಿ, ನಿನ್ನ ಕುತ್ತಿಗೆ ಯಾಕೆ ಕುಯ್ಯಲಿ ಎಂದು ಗಂಡು ಹುಡುಕಲು ಹೊರಟಳು.

ಮಾಲೂರು ಕಡೆಯ ಚಿಕ್ಕಮುನಿಯಪ್ಪನವರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಮೇಷ್ಟ್ರು. ಉಪ್ಪಿಟ್ಟು ತಿಂದರು, ಹೊಲ ನೋಡಿದರು, ನನ್ನನ್ನು ನೋಡಿದರು. ಎಲ್ಲ ಆದ ಮೇಲೆ ಚಿಕ್ಕಮುನಿಯಪ್ಪನವರು ಮೆಲ್ಲಗೆ, "ತಪ್ಪು ತಿಳ್ಕಬ್ಯಾಡಿ, ಉಡುಗಿಯ ತಾತ ಅಂಗೆ ಓದ್ರಂತೆ, ಸೋದರಮಾವನಿಗೂ ಅದೇ ಐತಂತೆ. ಒಂದೇ ರಕ್ತ ನೋಡಿ. ಉಡುಗೀದೂ ಒಂದ್ಸಲ ತೋರ್ಸಿಬಿಡಿ" ಎಂದರು.

ನನ್ನನ್ನು ಬಿಡಿಸಲು ಬರೆದ ಕಾರ್ಡು ನನಗೇ ಸುತ್ತಿಕೊಂಡಿತು. ಇದು ನಿಮಗೆ ಹೊಳೆದಿರಲಿಲ್ಲ ಅಲ್ಲವೇ? ನೀವು ಪರಕೀಯರಾಗಿದ್ದರೆ ನಿಮ್ಮ ಕಾಯಿಲೆ ನಿಮ್ಮ ಮನೆಯಲ್ಲೇ ಇರುತ್ತಿತ್ತು. ನೀವು ಅಮ್ಮನ ಒಡಹುಟ್ಟು.

ಅಮ್ಮ ಹಲ್ಲು ಕಚ್ಚಿಕೊಂಡು ನನ್ನನ್ನು ಕೋಲಾರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಾದವರು, ಸಾವಧಾನವಾಗಿ ಕೇಳಿದರು. ನನ್ನಲ್ಲಿ ಏನೂ ಇಲ್ಲ. ನಾನು ರವಿಕೆ ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತಾಗಿತ್ತು. "ಒಂದೇ ರಕ್ತ ಅಂದ್ರಲ್ಲ, ನಂದೂ ನೋಡಿಬಿಡಿ ಸೋಮಿ." ಡಾಕ್ಟರು ನಗುತ್ತ ಕೊಳವೆ ಇಟ್ಟರು. ನಗು ನಿಂತಿತು. ಮುಂದೆ, ಹಿಂದೆ, ಪಕ್ಕದಲ್ಲಿ ಇಟ್ಟು ಕೇಳಿದರು. ಕೊನೆಗೆ ನನ್ನನ್ನು ಕರೆದು, ನಿಮ್ಮ ತಾಯಿಯ ಎದೆಯಲ್ಲಿ ಮರ್ಮರ್ ಇದೆ, ಬಹುಶಃ ಹುಟ್ಟಿದಾಗಿನಿಂದ ಇರಬಹುದು, ಭಾರ ಹೊರಬಾರದು ಎಂದರು. ಮನೆಗೆ ಬಂದು ಅಮ್ಮ ಮೊದಲು ಮಾಡಿದ ಕೆಲಸ ಕಲಗಚ್ಚಿನ ಹಂಡೆ ಎತ್ತಿದ್ದು.

ಅವಳ ಮಾತು: "ಲೇ ಅಶ್ವತ್ಥ, ನಿನ್ನ ಸದ್ದು ನನ್ನೆದೇಲೂ ಐತಂತೆ ಕಣ್ಲಾ. ಐದು ಮಕ್ಳನ್ನ ಎತ್ತಿದ್ದೀನಿ, ಎಳ್ಡು ಕಳ್ಕಂಡಿದ್ದೀನಿ, ಊರವರ್ತಾವೆಲ್ಲ ಜಗಳ ಆಡಿದ್ದೀನಿ. ಸಾಯೋದಾಗಿದ್ರೆ ಇಷ್ಟೊತ್ತಿಗೆ ಸಾಯ್ತಿರ್ಲಿಲ್ವಾ? ನೀನ್ ಬತ್ತೀಯೋ, ನಾನೇ ಬರ್ಲೋ?"

ಅದು ರುಜುವಾತಲ್ಲವೆಂದು ನನಗೂ ಗೊತ್ತು. ಡಾಕ್ಟರೇ ಹಾಗೆಂದರು, ಒಬ್ಬರದು ಇನ್ನೊಬ್ಬರಿಗೆ ಲೆಕ್ಕವಲ್ಲ ಎಂದು. ಮಾಲೂರಿನವರಿಗೆ ನನ್ನ ಎದೆ ಶುದ್ಧವಾಗಿದೆಯೆಂದು ತಿಳಿದು ಈಗ ಅವರು ಒಪ್ಪಿದ್ದಾರೆ. ನಾನು ಒಪ್ಪಲಿಲ್ಲ. ನಿಮ್ಮ ಡಾಕ್ಟರುಗಳು ಒಮ್ಮತಕ್ಕೆ ಬರುವ ತನಕ ಕಾದರೆ ನಾನು ಮುದುಕಿಯಾಗುತ್ತೇನೆ. ನಾಳೆ ನಿಮಗೆ ಏನಾದರೂ ಆದರೆ ಅದು ನನಗೆ ಆದದ್ದು, ನಿಮ್ಮ ತಪ್ಪಲ್ಲ. ಇದನ್ನು ಅಮ್ಮ ಹೇಳಿಸಿದ್ದಲ್ಲ.

ಅನಸೂಯ


ಕೋರಮಂಡಲ್
16-9-1958

ಅನಸೂಯ,

ಕಾರ್ಡು ಹಾಕುವಾಗ ನಿನ್ನ ದಾರಿ ಬಿಡಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ನಾನು ನಿಮ್ಮ ಮನೆಯವನೆಂಬುದೇ ಮರೆತುಹೋಗಿತ್ತು.

ಅಕ್ಕನಿಗೆ ಹಂಡೆ ಎತ್ತಬೇಡವೆಂದು ಹೇಳು. ನನಗೆ ಸ್ಟೇಷನ್ನಿನ ಮೆಟ್ಟಿಲಿನಲ್ಲಿ ಏದುಸಿರು ಬರುವುದಿಲ್ಲ, ಕಾಲು ಊದುವುದಿಲ್ಲ. ನೀನು ಕೇಳಿದ್ದಕ್ಕೆ ಉತ್ತರ. ಧೈರ್ಯ ಬಂದಿದೆಯೆಂದು ಸುಳ್ಳು ಹೇಳಲಾರೆ. ವರ್ಷ ವರ್ಷ ತೋರಿಸುತ್ತೇನೆ, ಮುಂದಿನದನ್ನು ಆಯಾ ವರ್ಷ ನೋಡೋಣ. ಇಷ್ಟಕ್ಕೆ ನೀನು ಒಪ್ಪುವುದಾದರೆ ಭಾನುವಾರ ಬರುತ್ತೇನೆ. ಅಕ್ಕ ನನ್ನನ್ನು ಬೈಯುವುದಿದ್ದರೆ ಊಟವಾದ ಮೇಲೆ ಬೈಯಲಿ.

ಅಶ್ವತ್ಥಪ್ಪ


ಕೋರಮಂಡಲ್
24-9-1966

ಅನಸೂಯಳಿಗೆ,

ಮದುವೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ. ಬರೆಯುವ ಪ್ರಮೇಯವೇ ಬಂದಿರಲಿಲ್ಲ.

ಅಕ್ಕನ ತಿಥಿ ಮುಗಿಸಿ ನಿನ್ನನ್ನೂ ಮಗಳನ್ನೂ ಅಲ್ಲೇ ಬಿಟ್ಟು ಬಂದಾಗಿನಿಂದ ನಿದ್ದೆ ಇಲ್ಲ. ಬೆಳಿಗ್ಗೆ ಹಾಲು ಕರೆದವಳು ಹತ್ತು ಗಂಟೆಗೆ ಗೋಡೆಗೆ ಒರಗಿದಳು, ಅಷ್ಟೇ. ಬಂಗಾರಪೇಟೆಯ ಡಾಕ್ಟರು ಹೃದಯ ನಿಂತಿತು ಎಂದರು. ಕೋಲಾರದವರು ಕೇಳಿ, ಮುಖ ಸೊಟ್ಟಗಾಗಿತ್ತು ಎಂದರೆ ತಲೆಯಲ್ಲಿ ನರ ಒಡೆದಿರಬೇಕು, ಹೃದಯವಲ್ಲ ಎಂದರು. ಸತ್ತ ಮೇಲೂ ಇಬ್ಬರು, ಎರಡು ಮಾತು.

ಎಂಟು ವರ್ಷ ನಾನು ವೇಲೂರಿಗೆ ಹೋಗಿ ಬಂದದ್ದು ಡಾಕ್ಟರ ಮಾತಿನ ಬಲದಿಂದಲ್ಲ. ಒಂದು ವರ್ಷ ಗೆರೆ ಸರಿ ಇದೆ ಎನ್ನುತ್ತಿದ್ದರು, ಇನ್ನೊಂದು ವರ್ಷ ಸ್ವಲ್ಪ ವ್ಯತ್ಯಾಸ ಎನ್ನುತ್ತಿದ್ದರು. ನಾನು ವಾಪಸು ಬರುತ್ತ ಬಂಗಾರಪೇಟೆಯಲ್ಲಿ ಇಳಿದು, ಅಕ್ಕ ಹುಲ್ಲಿನ ಹೊರೆ ಹೊತ್ತು ಬರುವುದನ್ನು ನೋಡಿ, ಸದ್ಯ ಪರವಾಗಿಲ್ಲ ಎಂದುಕೊಂಡು ಮನೆಗೆ ಬರುತ್ತಿದ್ದೆ. ಈಗ ನೋಡುವುದಕ್ಕೆ ಅವಳಿಲ್ಲ. ವರ್ಕ್‌ಷಾಪಿನಲ್ಲಿ ನಿಂತಿರುವಾಗ ನನಗೇ ತಿಳಿಯದೆ ಬೆರಳು ಮಣಿಕಟ್ಟಿನ ನಾಡಿಗೆ ಹೋಗುತ್ತದೆ. ಅಪ್ಪನ ವಯಸ್ಸಿಗೆ ನನಗಿನ್ನು ಐದು ವರ್ಷ.

ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನೀನೂ ಕನಕಳೂ ಅಲ್ಲೇ ಇರಿ. ಅವಳನ್ನು ಅಲ್ಲಿಯ ಶಾಲೆಗೆ ಸೇರಿಸು. ಭಾವನವರಿಗೂ ಆಸರೆಯಾಗುತ್ತದೆ. ನಾನು ಆಗಾಗ ಬರುತ್ತೇನೆ. ನಾನಿಲ್ಲದೆ ಇರುವುದು ನಿಮಗೆ ಈಗಿನಿಂದಲೇ ಅಭ್ಯಾಸವಾದರೆ ಮುಂದೆ ಕಷ್ಟವಾಗುವುದಿಲ್ಲ.

ಅಶ್ವತ್ಥಪ್ಪ


ಬಂಗಾರಪೇಟೆ
30-9-1966

ಮಾವ,

ಕಾಗದ ಓದಿ ಹರಿದು ಹಾಕಿದೆ. ಆಮೇಲೆ ಉತ್ತರ ಬರೆಯಬೇಕಲ್ಲ ಎಂದು ಚೂರುಗಳನ್ನು ಜೋಡಿಸಿಕೊಂಡು ಮತ್ತೆ ಓದಿದೆ. ಎರಡನೆಯ ಸಲವೂ ಅಷ್ಟೇ ಕೋಪ ಬಂತು.

ನನ್ನ ತಾಯಿ ಸತ್ತಿದ್ದಾಳೆ. ನೀವು ಅವಳನ್ನು ನಿಮ್ಮ ಪರೀಕ್ಷೆಯ ಒಂದು ಕಾಗದವೆಂದು ತಿಳಿದಿದ್ದಿರಾ? ಅವಳು ಐವತ್ತು ದಾಟಿ, ಆ ಬೆಳಿಗ್ಗೆಯೂ ಎಮ್ಮೆಗೆ ಬೈದು, ಅಪ್ಪನಿಗೆ ಬೈದು, ಹಾಲು ಕರೆದು ಹೋದಳು. ಯಾವುದು ಒಡೆಯಿತೋ ಯಾವುದು ನಿಂತಿತೋ ನನಗೆ ಬೇಡ. ಅವಳು ಒಂದು ದಿನವೂ ನಾಡಿ ಹಿಡಿದುಕೊಂಡು ಕೂರಲಿಲ್ಲ.

ನೀವು ಕನಕಳನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು ನನಗೆ ನೆನಪಿಲ್ಲ. ಡಾಕ್ಟರು ಮಗುವನ್ನು ಎತ್ತಬೇಡ ಎಂದಿರಲಿಲ್ಲ. ಮನೆಗೆ ಏನು ಬೇಕೆಂದರೂ, ಎಲ್ಲಿಗೆ ಹೋಗೋಣವೆಂದರೂ, ಪರೀಕ್ಷೆ ಆಗಲಿ ಆಮೇಲೆ ನೋಡೋಣ ಎನ್ನುವಿರಿ. ಪರೀಕ್ಷೆ ಆದರೆ ಮುಂದಿನ ಪರೀಕ್ಷೆ ಆಗಲಿ. ಹೋಗಬೇಡಿ ಎನ್ನುತ್ತಿಲ್ಲ. ತಪ್ಪದೆ ಹೋಗಿ, ಬೇಕಾದರೆ ನಾನೂ ಬರುತ್ತೇನೆ. ಆದರೆ ಅದು ವರ್ಷದಲ್ಲಿ ಒಂದು ದಿನದ ಕೆಲಸ. ನೀವು ಅದಕ್ಕೆ ವರ್ಷವನ್ನೇ ಕೊಟ್ಟಿದ್ದೀರಿ.

ವಿಧವೆಯಾಗಬಹುದೆಂದು ತಿಳಿದೇ ನಾನು ನಿಮ್ಮನ್ನು ಕಟ್ಟಿಕೊಂಡೆ. ಕಟ್ಟಿಕೊಂಡ ದಿನವೇ ಅದನ್ನು ಬದಿಗಿಟ್ಟೆ. ಎಂಟು ವರ್ಷದಿಂದ ನೀವೊಬ್ಬರೇ ನನ್ನನ್ನು ವಿಧವೆ ಮಾಡಲು ಸಿದ್ಧತೆ ನಡೆಸುತ್ತಿದ್ದೀರಿ. ಈಗ ಅಭ್ಯಾಸವನ್ನೂ ಶುರು ಮಾಡು ಎನ್ನುತ್ತೀರಿ. ಬದುಕಿರುವ ಗಂಡನನ್ನು ಬಿಟ್ಟಿರುವ ಅಭ್ಯಾಸ ನನಗೆ ಬರುವುದಿಲ್ಲ.

ಇನ್ನೊಂದು ಮಾತು. ಇದನ್ನು ಎರಡು ತಿಂಗಳಿನಿಂದ ಹೇಳಿಲ್ಲ. ಕನಕ ಹುಟ್ಟಿದ ಮೇಲೆ, ಇನ್ನು ಮಕ್ಕಳು ಬೇಡ, ಸಾಕುವವರು ಯಾರು ಎಂದಿದ್ದಿರಿ. ಅದಕ್ಕೇ ಹೆದರಿ ಸುಮ್ಮನಿದ್ದೆ. ಅಮ್ಮನಿಗೆ ಮಾತ್ರ ಗೊತ್ತಿತ್ತು. "ಅವನಿಗೆ ನಾನೇ ಏಳ್ತೀನಿ, ನಿಂಗೆ ಬೈಯೋಕೆ ಬರಲ್ಲ" ಎಂದಿದ್ದಳು. ಹೇಳುವ ಮೊದಲೇ ಹೋದಳು. ಮಾರ್ಚಿ ಕೊನೆಗೆ ಹೆರಿಗೆ ಎಂದು ಇಲ್ಲಿಯ ಡಾಕ್ಟರಮ್ಮ ಹೇಳಿದ್ದಾರೆ.

ನಾನು ಬುಧವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದೇನೆ. ಅಪ್ಪನ ಹತ್ತಿರ ದೊಡ್ಡಣ್ಣ ಇರುತ್ತಾನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಅನಸೂಯ


ವೇಲೂರು
21-10-1966

ಅನಸೂಯ,

ನಾಳೆ ಸಂಜೆ ನಾನೇ ಮನೆಯಲ್ಲಿರುತ್ತೇನೆ. ಈ ಕಾಗದ ನನ್ನ ಹಿಂದೆ ಬರುತ್ತದೆ. ಆದರೂ ಬರೆಯುತ್ತಿದ್ದೇನೆ. ನೀನು ಬಂದು ಹದಿನೈದು ದಿನವಾಯಿತು, ಎದುರಿಗೆ ಕೂತರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ನೀನು ಜೊತೆಗೆ ಬರುತ್ತೇನೆಂದೆ, ನಾನು ಈ ಸ್ಥಿತಿಯಲ್ಲಿ ರೈಲು ಬೇಡವೆಂದೆ. ಅಷ್ಟೇ ಮಾತಾದದ್ದು.

ಇವತ್ತು ಗೆರೆಯಲ್ಲಿ ಸ್ವಲ್ಪ ವ್ಯತ್ಯಾಸ ಇದೆಯಂತೆ. ಎಕ್ಸ್‌ರೇ ಹೋದ ವರ್ಷದ ಹಾಗೆಯೇ ಇದೆಯಂತೆ. ಸದ್ದು ಇದ್ದೇ ಇದೆ. ಯಾವುದನ್ನು ನಂಬಲಿ ಎಂದು ಕೇಳಿದೆ. ಡಾಕ್ಟರು, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೇವೆ, ನೀನು ಬೀಡಿ ಮುಟ್ಟಬೇಡ, ಉಪ್ಪು ಕಡಿಮೆ ಮಾಡು, ನಡೆದಾಡು, ಉಸಿರು ಕಟ್ಟಿದರೆ ಕೂಡಲೇ ಬಾ ಎಂದರು. ಎಂಟು ವರ್ಷದಿಂದ ಹೇಳುತ್ತಿರುವುದೂ ಇದೇ. ನಾನು ಪೂರ್ತಿ ಕೇಳಿಸಿಕೊಂಡದ್ದು ಇವತ್ತು.

ಭಯ ಹೋಗಿದೆಯೆಂದು ಬರೆದರೆ ನೀನು ನಂಬುವುದಿಲ್ಲ. ಇಲ್ಲಿಯ ಬೆಂಚಿನ ಮೇಲೆ ಕೂತಾಗಲೂ ಬೆರಳು ನಾಡಿಯ ಮೇಲೇ ಇತ್ತು. ಅಕ್ಕ ನೆನಪಾದಳು. ಅಲ್ಲೇ ಅತ್ತುಬಿಟ್ಟೆ. ಅವಳು ಸತ್ತಾಗ ನನ್ನ ಯೋಚನೆಯಲ್ಲಿ ನಾನಿದ್ದೆ. ಅವಳಿಗಾಗಿ ಅತ್ತದ್ದು ಇವತ್ತೇ.

ಈ ವರ್ಷ ವ್ಯತ್ಯಾಸ ಇರುವುದರಿಂದ ಮುಂದಿನ ಅಕ್ಟೋಬರಿನವರೆಗೆ ಕಾಯುವುದು ಬೇಡ, ಮಾರ್ಚಿ ಕೊನೆಯ ವಾರ ಬಾ ಎಂದು ಗುಮಾಸ್ತೆ ತಾರೀಕು ಬರೆಯಲು ಹೊರಟಳು. ಆಗುವುದಿಲ್ಲ ಎಂದೆ. ಅವಳು ತಲೆಯೆತ್ತಿ ನೋಡಿದಳು. ಮಾರ್ಚಿಯಲ್ಲಿ ನನ್ನ ಹೆಂಡತಿಗೆ ಹೆರಿಗೆ, ನಾನು ಮನೆಯಲ್ಲಿರಬೇಕು, ಏಪ್ರಿಲ್ ಬರೆಯಿರಿ ಎಂದೆ. ಡಾಕ್ಟರನ್ನು ಕೇಳಿ ಬಂದು ಏಪ್ರಿಲ್ ಎಂದೇ ಬರೆದುಕೊಟ್ಟಳು.

ಅಶ್ವತ್ಥಪ್ಪ